ನೆಲ್: ತನಗೆ ಎಷ್ಟು ಖಾತ್ರಿ ಅಂತಲೂ ಹೇಳುತ್ತಿದ್ದ ಯಂತ್ರ

ವೆಬ್ ಓದಿ ತಾನೇ ಕಲಿಯುವ ಕಂಪ್ಯೂಟರ್ ಅಂದಾಗ ಈಗ ಎಲ್ಲರೂ ಚಾಟ್‌ಬಾಟ್ ಹೆಸರು ಹೇಳುತ್ತಾರೆ. ನನಗೆ ಇವತ್ತಿಗೂ ಜಾಸ್ತಿ ಇಷ್ಟ ಆಗುವುದು ನೆಲ್ (NELL, Never-Ending Language Learner), ಅಂದರೆ ಕಲಿಯುವುದನ್ನು ನಿಲ್ಲಿಸದ ಕಂಪ್ಯೂಟರ್ ಪ್ರೋಗ್ರಾಂ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಮತ್ತು ಅವರ ತಂಡ 2010ರ ಜನವರಿಯಲ್ಲಿ ಅದನ್ನು ಓದಲು ಬಿಟ್ಟರು.

ನಗರ, ಕಂಪನಿ, ಕ್ರೀಡಾ ತಂಡ ಅಂತ ಒಂದಿಷ್ಟು ಗುಂಪುಗಳು, ಒಂದೊಂದಕ್ಕೆ 10–15 ಉದಾಹರಣೆ, ಮೊದಲಿಗೆ ಮುಖ್ಯವಾಗಿ ಕೊಟ್ಟಿದ್ದು ಇಷ್ಟು. ಗೊತ್ತಿರುವ ನಗರಗಳ ಹೆಸರು ಎಂಥ ವಾಕ್ಯಗಳಲ್ಲಿ ಬರುತ್ತದೆ ಅಂತ ನೋಡಿ, ಅಂಥದ್ದೇ ವಾಕ್ಯಗಳಲ್ಲಿ ಹೊಸ ನಗರ ಹುಡುಕಿ, ಆ ಹೊಸ ನಗರಗಳಿಂದ ಮತ್ತೆ ಹೊಸ ವಾಕ್ಯಗಳನ್ನು ಕಲಿಯುವುದು ಅದರ ದಾರಿ. ಅಪಾಯವೂ ಇಲ್ಲೇ ಇದೆ. ಒಂದು ತಪ್ಪು ಒಳಗೆ ಬಂದರೆ ಅದು ಮರಿ ಹಾಕುತ್ತದೆ. ವೆಬ್‌ಸೈಟ್‌ಗಳು ನಮ್ಮ ಬ್ರೌಸರ್‌ನಲ್ಲಿ ಇಟ್ಟುಹೋಗುವ ಸಣ್ಣ ಮಾಹಿತಿ ತುಣುಕಿಗೂ ಕುಕೀ ಅನ್ನುತ್ತಾರೆ; ಆ ಕುಕೀಗಳನ್ನು ನೆಲ್ ಬೇಕರಿ ತಿಂಡಿ ಅಂದುಕೊಂಡಿತು, ಜನ ಕುಕೀ ಡಿಲೀಟ್ ಮಾಡಿದ ಹಾಗೆ ಫೈಲನ್ನೂ ಡಿಲೀಟ್ ಮಾಡುತ್ತಾರಲ್ಲ, ಹಾಗಾಗಿ ಕಂಪ್ಯೂಟರ್ ಫೈಲುಗಳನ್ನೂ ಬೇಕರಿಗೆ ಸೇರಿಸಿತು. ಕೊನೆಗೆ ಮನುಷ್ಯರೇ ತಿದ್ದಬೇಕಾಯಿತು.

ತಂಡ ಇದನ್ನೆಲ್ಲ ಮುಚ್ಚಿಡಲಿಲ್ಲ. 67 ದಿನ ಓದಿ 2,42,000ಕ್ಕೂ ಹೆಚ್ಚು ಸಂಗತಿ ಕಲಿತಿದೆ, ಅದರಲ್ಲಿ ಸರಿಯಾದದ್ದು ಅಂದಾಜು ಶೇ. 74 ಅಂತ 2010ರ ಪ್ರಬಂಧದಲ್ಲೇ ಬರೆದರು. ಮೊದಮೊದಲು ಶೇ. 90ರಷ್ಟು ಇದ್ದದ್ದು ಕೊನೆಕೊನೆಗೆ 57ಕ್ಕೆ ಇಳಿದಿತ್ತು ಅನ್ನುವುದನ್ನೂ ಹೇಳಿದರು.

ವೆಬ್‌ಸೈಟ್ ನೋಡಲು ಏನೇನೂ ಚೆಂದ ಇರಲಿಲ್ಲ. ಆದರೆ ಹೊಸದಾಗಿ ಕಲಿತ ಪ್ರತಿ ಸಂಗತಿಯ ಪಕ್ಕದಲ್ಲಿ ಯಾವತ್ತು ಕಲಿತದ್ದು, ಎಷ್ಟು ಶೇಕಡಾ ಖಾತ್ರಿ ಅಂತ ಇರುತ್ತಿತ್ತು. ಸರಿ, ತಪ್ಪು ಅಂತ ನಾವೂ ಒತ್ತಬಹುದಿತ್ತು. ಒಳಗೆ ಹೋದರೆ ಯಾವ ಮಾತುಗಳನ್ನು ನೋಡಿ ಹಾಗೆ ತೀರ್ಮಾನಿಸಿತು ಅನ್ನುವುದೂ ಸಿಗುತ್ತಿತ್ತು. ಈಗಿನ ಯಂತ್ರಗಳು ಎಷ್ಟೋ ಚೆನ್ನಾಗಿ ಮಾತಾಡುತ್ತವೆ ನಿಜ, ಆದರೆ ಒಂದು ವಿಷಯ ಅವಕ್ಕೆ ಎಲ್ಲಿಂದ ಬಂತು ಅಂತ ಹೀಗೆ ಬಿಚ್ಚಿ ನೋಡಲು ಆಗಲ್ಲ ಅಲ್ವಾ? ನನಗೆ ಬೇಕಾದದ್ದು ಅದೇ.

ಕೊರತೆ ಅಂದರೆ ಭಾಷೆ. ನೆಲ್ ಓದಿದ್ದು ಇಂಗ್ಲಿಷ್. ಪೋರ್ಚುಗೀಸ್‌ನಲ್ಲೂ ಪ್ರಯತ್ನ ನಡೆಯಿತು. ಕನ್ನಡಕ್ಕೆ ಈ ದಾರಿ ಸುಲಭವಲ್ಲ, ಯಾಕೆಂದರೆ ಒಂದೇ ಸಂಗತಿ ಬೇರೆ ಬೇರೆ ಪುಟಗಳಲ್ಲಿ ಮತ್ತೆ ಮತ್ತೆ ಸಿಕ್ಕಷ್ಟೂ ನೆಲ್‌ಗೆ ಖಾತ್ರಿ ಹೆಚ್ಚುತ್ತಿತ್ತು, ನಮ್ಮಲ್ಲಿ ಅಷ್ಟು ಪುಟಗಳಿಲ್ಲ. ಸಾಲದ್ದಕ್ಕೆ ಮೈಸೂರಿಗೆ, ಮೈಸೂರಿನಲ್ಲಿ, ಮೈಸೂರಿನಿಂದ ಎಲ್ಲವೂ ಒಂದೇ ಊರು ಅಂತ ಮೊದಲು ಕಲಿಸಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಂಪ್ಯೂಟರ್ ಸೈನ್ಸ್ ಓದುತ್ತಿರುವವರು ಆ 2010ರ ಪ್ರಬಂಧವನ್ನು ಹುಡುಕಿ ಓದಿ. ಶೇಕಡಾವಾರು ಇಳಿದ ಭಾಗವನ್ನು ಮಾತ್ರ ಬಿಡಬೇಡಿ.