ತಂಗಳು ಬೀಫ್: ಚಾಪ್ಸೋ, ಪ್ಯಾನ್ ರೋಲೋ, ಮುದ್ದೆಗೆ ಸಾರೋ?

ಭಾನುವಾರ ಮಧ್ಯಾಹ್ನ ಆರು ಜನ ನೆಂಟರು ಬರುತ್ತಾರೆಂದು 2 ಕಿಲೋ ಬೀಫ್ ತಂದು, ಊರಿಂದ ಬಂದ ಬಫಾತ್ ಪುಡಿ (ಮಂಗಳೂರು ಕ್ರೈಸ್ತರ ಮಸಾಲೆ ಪುಡಿ) ಹಾಕಿ ಬೇಯಿಸಿದ್ದೆ. ಇಬ್ಬರು ಬರಲೇ ಇಲ್ಲ. ಬಂದ ನಾಲ್ವರಲ್ಲಿ ಒಬ್ಬರು ಡಾಕ್ಟರ ಮಾತು ಕೇಳಿ ಮಾಂಸ ಬಿಟ್ಟಿದ್ದರು. ಕೊನೆಗೆ ಪಾತ್ರೆಯಲ್ಲಿ ಮುಕ್ಕಾಲು ಕಿಲೋಗಿಂತ ಹೆಚ್ಚೇ ಉಳಿಯಿತು.

ತಂಗಳು ಮೀನು ಸಾರಿಗೆ ನಮ್ಮ ಮನೆಯಲ್ಲಿ ಇರುವ ಮರ್ಯಾದೆ ತಂಗಳು ಬೀಫಿಗಿಲ್ಲ. ಮಾರನೇ ದಿನ ಬಿಸಿ ಮಾಡಿ ಬಡಿಸಿದರೆ ತುಂಡುಗಳನ್ನೆಲ್ಲ ತಟ್ಟೆಯ ಅಂಚಿಗೆ ತಳ್ಳಿ ಗ್ರೇವಿ ಮಾತ್ರ ಒರೆಸಿ ತಿನ್ನುತ್ತಾರೆ. ಅವರದ್ದೂ ತಪ್ಪಲ್ಲ ಅನ್ನಿ. ಬೆಂಗಳೂರಿನಲ್ಲಿ ಈಗ ಬೀಫ್ ಅಂತ ಕೊಂಡರೆ ಸಿಗುವುದು ಎಮ್ಮೆ, ಕೋಣದ್ದು. 2021ರಲ್ಲಿ ಜಾರಿಗೆ ಬಂದ ರಾಜ್ಯದ ಜಾನುವಾರು ಹತ್ಯೆ ತಡೆ ಕಾಯ್ದೆಯ ಪ್ರಕಾರ ಅದೂ 13 ವರ್ಷ ದಾಟಿದ್ದಾಗಿರಬೇಕು. ಅಷ್ಟು ವಯಸ್ಸಾದ ಪ್ರಾಣಿಯ ನಾರು ಹಗ್ಗದಂತೆ ಬಿಗಿದುಕೊಂಡಿರುತ್ತದೆ. 8 ವಿಷಲ್ ಕೂಗಿಸಿ, ಮೇಲೆ ಅರ್ಧ ಗಂಟೆ ಸಣ್ಣ ಉರಿಯಲ್ಲಿಟ್ಟರೆ ಮೆತ್ತಗಾಗುತ್ತದೆ ನಿಜ. ಆದರೆ ಒಮ್ಮೆ ತಣ್ಣಗಾದದ್ದನ್ನು ಮತ್ತೆ ಕುದಿಸಿದರೆ ನಾರಿನಲ್ಲಿ ಉಳಿದಿದ್ದ ಒಂದಿಷ್ಟು ನೀರೂ ಹಿಂಡಿ ಹೋಗುತ್ತದೆ. ಜೊತೆಗೆ ಹಳೇ ಎಣ್ಣೆಯಂಥ ಒಂದು ಕಮಟು ವಾಸನೆ. ಮಾಂಸದ ಕಬ್ಬಿಣದಂಶ ಕೊಬ್ಬನ್ನು ಕೆಡಿಸುವುದರಿಂದ ಬರುವಂಥದ್ದು ಅದು.

ತಂಗಳು ಬೀಫ್ ಯಾವ ಅಡುಗೆಗೆ ಒಗ್ಗುತ್ತದೆ ನೋಡಿಯೇಬಿಡೋಣ ಎಂದು ಈ ಸಲ ಹಟ ಹಿಡಿದು ಉಳಿದದ್ದನ್ನು ನಾಲ್ಕು ಡಬ್ಬಿಗೆ ಹಂಚಿ, ಊಟ ಮುಗಿದು ಎರಡು ಗಂಟೆಯಾಗುವ ಮೊದಲೇ ಫ್ರಿಜ್ಜಿಗೆ ಇಟ್ಟೆ. ಬೇಕಾದ ಡಬ್ಬಿ ಮಾತ್ರ ತೆಗೆಯುವುದು, ಒಂದೇ ಸಲ ಬಿಸಿ ಮಾಡುವುದು, ಬುಧವಾರದೊಳಗೆ ಎಲ್ಲ ಮುಗಿಸುವುದು. ಇಷ್ಟು ನಿಯಮ.

ಸೋಮವಾರ ರಾತ್ರಿ ಸುಲಭದ್ದು. ಕೇರಳದವರ ಹಾಗೆ ತೆಂಗಿನಕಾಯಿ ಚೂರು, ಕರಿಬೇವು, ಜಜ್ಜಿದ ಕಾಳುಮೆಣಸು ಹಾಕಿ ಹುರಿದದ್ದು. 15 ನಿಮಿಷದ ಕೆಲಸ. ಘಮ ಪಕ್ಕದ ಮನೆಗೂ ಹೋಗಿರಬೇಕು. ಹೊರಗೆ ಗರಿಗರಿ, ಒಳಗೆ ಮಾತ್ರ ತೆಂಗಿನ ನಾರೇ. ಹಸಿ ಮಾಂಸದಿಂದ ಶುರು ಮಾಡಿದರೆ ಇದರಷ್ಟು ರುಚಿ ಯಾವುದಕ್ಕೂ ಇಲ್ಲ, ತಂಗಳಿಗೆ ಇದು ಸಲ್ಲದು. ಬಾಣಲೆಯ ಒಣ ಶಾಖ ನೇರವಾಗಿ ತಾಗಿದರೆ ಮುಗಿಯಿತು. ಕೊನೆಗೆ ಎರಡು ಚಮಚ ಗ್ರೇವಿ ಸುರಿದು ಹೇಗೋ ಉಳಿಸಿಕೊಂಡೆ. ಗ್ಲಾಸಿನ ಪಕ್ಕಕ್ಕೆ ನಂಜಿಕೊಳ್ಳಲು ಅಡ್ಡಿಯಿಲ್ಲ. ಬೀಫ್ ಫ್ರೈಡ್ ರೈಸನ್ನು ನಾನು ಈ ಸ್ಪರ್ಧೆಗೆ ಸೇರಿಸಲೇ ಇಲ್ಲ. ಅದರಲ್ಲೂ ಇದೇ ಗತಿ, ಮೇಲೆ ಸೋಯಾ ಸಾಸ್ ಬೇರೆ.

ಮಂಗಳವಾರ ರಜೆಯಿತ್ತು. ಅವತ್ತು ನಿಜವಾದ ಪೈಪೋಟಿ. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಹಬ್ಬ, ರೋಸ್ (ಮದುವೆಗೆ ಮುಂಚಿನ ಶಾಸ್ತ್ರ), ಬರ್ತ್‌ಡೇ ಎಂದರೆ ಪೊಟೇಟೊ ಚಾಪ್ಸ್ ಇಲ್ಲವೇ ಪ್ಯಾನ್ ರೋಲ್ ಇರಲೇಬೇಕು. ಚಾಪ್ಸ್ ಎಂದರೆ ಕಿವುಚಿದ ಆಲೂಗಡ್ಡೆಯೊಳಗೆ ಮಾಂಸದ ಹೂರಣ ತುಂಬಿ ಕರಿದದ್ದು, ರೋಲ್ ಎಂದರೆ ತೆಳು ದೋಸೆಯಲ್ಲಿ ಅದನ್ನೇ ಮಡಚಿ ಕರಿದದ್ದು. ಎರಡಕ್ಕೂ ಹೂರಣ ಒಂದೇ. ಎರಡು ಡಬ್ಬಿ ಸೇರಿಸಿ ಸುಮಾರು 400 ಗ್ರಾಂ ಮಾಂಸವನ್ನು ಫ್ರಿಜ್ಜಿನಿಂದ ತೆಗೆದ ತಣ್ಣಗಿನ ಸ್ಥಿತಿಯಲ್ಲೇ, ನಾರಿಗೆ ಅಡ್ಡಲಾಗಿ ಚಾಕುವಿನಿಂದ ಸಣ್ಣಗೆ ಕೊಚ್ಚಿದೆ. ಮಿಕ್ಸಿಗೆ ಹಾಕಿದರೆ ಅಂಟಂಟು ಹಿಟ್ಟಾಗುತ್ತದೆ, ಒಮ್ಮೆ ಮಾಡಿ ಬುದ್ಧಿ ಬಂದಿದೆ. ಈರುಳ್ಳಿ, ಹಸಿಮೆಣಸು, ಶುಂಠಿಯನ್ನು ಮಾತ್ರ ಹುರಿದು ಆರಿಸಿ, ಕೊತ್ತಂಬರಿ ಸೊಪ್ಪು, ಒಂದು ಚಮಚ ವಿನೆಗರ್ ಸೇರಿಸಿದೆ. ಮಾಂಸಕ್ಕೆ ಬೆಂಕಿ ತೋರಿಸಲಿಲ್ಲ.

ಡಬ್ಬಿಯ ತಳದಲ್ಲಿ ಗ್ರೇವಿ ಜೆಲ್ಲಿಯ ಹಾಗೆ ಹೆಪ್ಪುಗಟ್ಟಿತ್ತು. ಎಂಟು ವಿಷಲ್‌ಗೆ ನಾರಿನ ಬಿಗಿ ಕರಗಿ ಬಿಟ್ಟ ಅಂಟು ಅದು. ಇಷ್ಟು ವರ್ಷ ಅದನ್ನು ಕರಗಿಸಿ ಅನ್ನಕ್ಕೆ ಸುರಿಯುತ್ತಿದ್ದೆ. ಈ ಸಲ ಮೂರು ಚಮಚ ಹಾಗೇ ಗಟ್ಟಿಯಾಗಿ ಹೂರಣಕ್ಕೆ ಬೆರೆಸಿದೆ. ತಣ್ಣಗಿರುವಾಗ ಹೂರಣ ಉದುರದೆ ಉಂಡೆ ನಿಲ್ಲುತ್ತದೆ. ಎಣ್ಣೆಗೆ ಬಿದ್ದಾಗ ಒಳಗೇ ಕರಗಿ ಮಾಂಸವನ್ನು ತೋಯಿಸುತ್ತದೆ. ಆಲೂ ಗೋಡೆ ಸುತ್ತಲೂ ಇರುವುದರಿಂದ ಆ ರಸ ಎಲ್ಲಿಗೂ ಹೋಗುವಂತಿಲ್ಲ. ನೇರ ಶಾಖವೂ ತಾಗುವುದಿಲ್ಲ. ಮೊದಲ ಚಾಪ್ ಮುರಿದಾಗ ಹಬೆಯ ಜೊತೆ ಬಫಾತಿನ ವಾಸನೆ ಎದ್ದಿತು ನೋಡಿ, ತುಂಡು ಅಂಚಿಗೆ ತಳ್ಳುವ ನನ್ನ ಮಗ ಮೂರು ತಿಂದ.

ಆದರೆ ಮೊದಲ ಬಾಣಲೆಯ ಎರಡು ಚಾಪ್ಸ್ ಒಡೆದವು. ಅವಸರಕ್ಕೆ ಒಂದಷ್ಟು ಆಲೂಗಡ್ಡೆಯನ್ನು ಹೆಚ್ಚಿ ಬೇಯಿಸಿದ್ದೆ, ನೀರು ಕುಡಿದಿತ್ತು. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ, ಬಿಸಿಯಿರುವಾಗಲೇ ಕಿವುಚಿ, ಪೂರ್ತಿ ಆರಿದ ಮೇಲೆ ತುಂಬಿದವು ಗಟ್ಟಿ ನಿಂತವು. ಮೊಟ್ಟೆಯಲ್ಲಿ ಅದ್ದಿ ರವೆಯಲ್ಲಿ ಹೊರಳಿಸಿ, ಕಡಿಮೆ ಎಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಮಾಡಿದರೆ ಸಾಕು. ಒಂದೂಕಾಲು ಗಂಟೆಗೆ 12 ಆದವು.

ಪ್ಯಾನ್ ರೋಲ್‌ಗೆ ಇನ್ನೂ ಹೆಚ್ಚು ಸಮಯ. ಮೈದಾ, ಮೊಟ್ಟೆ, ಹಾಲಿನ ತೆಳು ದೋಸೆ ಒಂದೊಂದೇ ಹುಯ್ಯಬೇಕು, ಅದೂ ಒಂದೇ ಬದಿ ಬೇಯಿಸಿ. ಹೂರಣ ಇಟ್ಟು ಲಕೋಟೆಯಂತೆ ಮಡಚಿ, ಮೊಟ್ಟೆಯಲ್ಲದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯಬೇಕು. ಅಮ್ಮ ಇದ್ದಿದ್ದರೆ ಎರಡು ತವಾ ಒಟ್ಟಿಗೆ ನಡೆಸುತ್ತಿದ್ದರು. ನನಗೆ ಒಂದರಲ್ಲೇ ಬೆವರು. ರುಚಿಯಲ್ಲಿ ಮಾಂಸ ಎದ್ದು ಕಾಣುವುದು ಇದರಲ್ಲೇ, ಆಲೂ ಅಡ್ಡ ಬರುವುದಿಲ್ಲವಲ್ಲ. ಆದರೆ ಹಾಗೆ ಎದ್ದು ಕಾಣುವುದು ತಂಗಳಿಗೆ ಲಾಭವಲ್ಲ. ಆ ಕಮಟು ವಾಸನೆಯ ಎಳೆಯೊಂದು ಕೊನೆಯ ತುತ್ತಿನಲ್ಲಿ ನನಗೆ ಸಿಕ್ಕಿತು. ಮನೆಯಲ್ಲಿ ಬೇರೆ ಯಾರಿಗೂ ಸಿಗಲಿಲ್ಲ, ನಾನೂ ಹೇಳಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ರೋಲ್ ಮುಂದೆ. ಕರಿಯುವ ಮೊದಲೇ ಫ್ರೀಜರಿನಲ್ಲಿ ಇಟ್ಟುಕೊಳ್ಳಬಹುದು. ಆಲೂ ಫ್ರೀಜರಿಗೆ ಹೋಗಿ ಬಂದರೆ ನೀರು ಬಿಟ್ಟು ಮರಳು ಮರಳಾಗುತ್ತದೆ. ಹತ್ತರಲ್ಲಿ ಐದು ರೋಲ್ ಹಾಗೆ ಎತ್ತಿಟ್ಟೆ.

ಬುಧವಾರಕ್ಕೆ ಉಳಿದದ್ದು ಮೂಳೆ, ಚೂರುಪಾರು, ಒಂದು ಬಟ್ಟಲು ಗ್ರೇವಿ. ನನ್ನವಳು ಮಂಡ್ಯದವಳು. "ಇದನ್ನ ನನಗೆ ಬಿಡಿ" ಅಂದಳು. ಬೇರೆಯಾಗಿ ಬೇಯಿಸಿದ ಹಿತಕಿದವರೆಗೆ ಆ ಗ್ರೇವಿ, ಮೂಳೆ, ಕಾಯಿ ಅರೆದದ್ದು ಸೇರಿಸಿ ಚೆನ್ನಾಗಿ ಕುದಿಸಿ, ಸಣ್ಣಗೆ ಹೆಚ್ಚಿದ ಮಾಂಸವನ್ನು ಕೊನೆಯ ಕುದಿಗೆ ಹಾಕಿದಳು. ಜೊತೆಗೆ ರಾಗಿ ಮುದ್ದೆ. ನಾನು ಕೊಂಕು ತೆಗೆಯಲು ಕಾಯುತ್ತಿದ್ದೆ, ಸಿಗಲಿಲ್ಲ. ಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಬೇಕು. ಅದರ ಜೊತೆ ಮಾಂಸದ ಚೂರೂ ಜಾರಿಹೋದರೆ ನಾರಿನ ದೂರು ಹೇಳುವವರು ಯಾರು? 40 ನಿಮಿಷದ ಕೆಲಸ, ಎಣ್ಣೆ ಒಂದೇ ಚಮಚ, ಮೂಳೆಯೂ ದಂಡವಾಗಲಿಲ್ಲ.

ಕೆಲಸದ ದಿನವಾದರೆ ನಾನು ಸಾರಿನ ಕಡೆ, ಬಿಡುವಿದ್ದರೆ ಚಾಪ್ಸ್ ಕಡೆ. ಹುರಿಯುವುದಕ್ಕೆ ಇನ್ನು ಮೇಲೆ ಹಸಿ ಮಾಂಸವೇ. ಇಬ್ಬರೂ ಕೂತು ಅವರೆಕಾಳಿನ ಸಿಪ್ಪೆ ಹಿತುಕುವಾಗ ಅವಳು ಕೇಳಿದಳು, ಮುಂದಿನ ವಾರ ಎಷ್ಟು ಜನ ಅಂತ. ಮೂರೇ ಜನ ಅಂದೆ. ಬೀಫ್ ಮಾತ್ರ 2 ಕಿಲೋನೇ ಹೇಳಿದ್ದೇನೆ.