ರಿಯಲ್ ಅನಾಲಿಸಿಸ್ ಓದಲು ನಾಲ್ಕು ದಾರಿ: ಜೆರಾಕ್ಸ್ ನೋಟ್ಸ್, ಪುಸ್ತಕ, ವಿಡಿಯೋ, ಬೋರ್ಡು

ಬಿಎಸ್ಸಿಯಲ್ಲಿ ಪಿಸಿಎಂ ಮುಗಿಸಿ ಎಂಎಸ್ಸಿ ಗಣಿತಕ್ಕೆ ಬಂದವರಿಗೆ ಮೊದಲು ಬೆವರಿಳಿಸುವ ಪೇಪರ್ ರಿಯಲ್ ಅನಾಲಿಸಿಸ್, ಅಂದರೆ ಲಿಮಿಟ್, ಕಂಟಿನ್ಯುಯಿಟಿಗಳನ್ನು ಬುಡದಿಂದ ನೋಡುವ ಗಣಿತ. ಇಲ್ಲಿ ಲೆಕ್ಕ ಮಾಡುವುದು ಕಡಿಮೆ, ಸಾಧಿಸುವುದು (ಪ್ರೂವ್ ಮಾಡುವುದು) ಜಾಸ್ತಿ. ಉತ್ತರ ಎಷ್ಟು ಬಂತು ಅಂತ ಪಕ್ಕದವರ ಜೊತೆ ತಾಳೆ ನೋಡುವ ಹಾಗೂ ಇಲ್ಲ. ಈ ಪೇಪರನ್ನು ನಾನು ನಾಲ್ಕು ಥರ ಓದಿ ನೋಡಿದ್ದೇನೆ. ಸೀನಿಯರ್‌ಗಳ ಜೆರಾಕ್ಸ್ ನೋಟ್ಸು, ಪುಸ್ತಕ, ವಿಡಿಯೋ ಪಾಠ, ಆಮೇಲೆ ಖಾಲಿ ಕ್ಲಾಸ್‌ರೂಮಿನಲ್ಲಿ ಬೋರ್ಡಿನ ಮುಂದೆ ಗೆಳೆಯರ ಜೊತೆ. ನನ್ನ ಓಟು ಬೋರ್ಡಿಗೆ. ಆದರೆ ಎಲ್ಲ ಕಡೆ ಅಲ್ಲ.

ಬರೀ ಸೆಮಿಸ್ಟರ್ ಮಾರ್ಕ್ಸ್ ಬೇಕು ಅನ್ನುವವರಿಗೆ ನೋಟ್ಸೇ ಸಾಕು. ಜೊತೆಗೆ ಹಳೆ ಪ್ರಶ್ನೆಪತ್ರಿಕೆಗಳ ಕಟ್ಟು ಇದ್ದರೆ ಮುಗಿಯಿತು. ಲಗ್ರಾಂಜ್‌ನ ಮೀನ್ ವ್ಯಾಲ್ಯೂ ಥಿಯರಂ ನಿರೂಪಿಸಿ ಸಾಧಿಸಿ, ಕೋಶಿಯ ರೂಟ್ ಟೆಸ್ಟ್ ನಿರೂಪಿಸಿ ಸಾಧಿಸಿ... ಡಿಗ್ರಿಯಲ್ಲಿ ಈ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಬಾಯಿಪಾಠ ಮಾಡಿದವರು ಚೆನ್ನಾಗಿಯೇ ಪಾಸಾಗುತ್ತಾರೆ. ಅದನ್ನು ಹೀಯಾಳಿಸುವುದು ನನಗೆ ಇಷ್ಟವಿಲ್ಲ. ಸ್ಕಾಲರ್‌ಶಿಪ್ ಉಳಿಸಿಕೊಳ್ಳಬೇಕಾದವರಿಗೆ ಮಾರ್ಕ್ಸ್ ಕೂಡ ಅನ್ನದ ಪ್ರಶ್ನೆಯೇ.

ತೊಂದರೆ ಶುರುವಾಗುವುದು ಪ್ರಶ್ನೆ ಸ್ವಲ್ಪ ತಿರುಚಿಕೊಂಡಾಗ. ಕ್ಲೋಸ್ಡ್ ಇಂಟರ್ವಲ್ ಮೇಲೆ ಕಂಟಿನ್ಯುಯಸ್ ಆದ ಫಂಕ್ಷನ್ ಯೂನಿಫಾರ್ಮ್ಲಿ ಕಂಟಿನ್ಯುಯಸ್ ಕೂಡ ಆಗಿರುತ್ತದೆ. ಅಂದರೆ ಫಂಕ್ಷನ್ ಬೆಲೆಗಳ ಅಂತರ ಚಿಕ್ಕದಿರಬೇಕಾದರೆ ಎಕ್ಸ್‌ಗಳು ಎಷ್ಟು ಹತ್ತಿರ ಇರಬೇಕು ಅನ್ನುವುದಕ್ಕೆ ಎಲ್ಲ ಕಡೆಗೂ ಒಂದೇ ಅಳತೆ ಸಾಕು. ಈ ಪ್ರಮೇಯ ಎಲ್ಲ ನೋಟ್ಸಿನಲ್ಲೂ ಇದೆ. ಇಂಟರ್ವಲ್ ಬದಲು ಇಡೀ ರಿಯಲ್ ಲೈನ್ ಕೊಟ್ಟು, ಎಕ್ಸ್ ಸ್ಕ್ವೇರ್ ಕಥೆ ಏನು ಅಂತ ಕೇಳಿದರೆ ಪುಟ ತಿರುವುತ್ತಾ ಕೂರಬೇಕು. ಉತ್ತರ ಮಾತ್ರ ಪುಟ್ಟದು. 100 ಮತ್ತು 100.01 ತಗೊಳ್ಳಿ. ಅಂತರ ಬರೀ 0.01. ವರ್ಗ ಮಾಡಿದರೆ 10000 ಮತ್ತು 10002.0001. 1000 ಮತ್ತು 1000.001 ತಗೊಂಡರೂ ವರ್ಗಗಳ ಅಂತರ 2ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಂದರೆ ಎಷ್ಟು ಚಿಕ್ಕ ಡೆಲ್ಟಾ (ಎಕ್ಸ್‌ಗಳ ನಡುವಿನ ಆ ಅಳತೆ) ಹಿಡಿದರೂ ದೂರ ಹೋದಂತೆ ಅದು ಸಾಲದು. ಯೂನಿಫಾರ್ಮ್ ಅಲ್ಲ, ಮುಗಿಯಿತು.

ನೋಟ್ಸಿನ ಇನ್ನೊಂದು ಕಾಟ, ಕೈಯಿಂದ ಕೈಗೆ ಹೋಗುತ್ತಾ ಪದಗಳು ಜಾಗ ಬದಲಿಸುತ್ತವೆ. ಕಂಟಿನ್ಯುಯಿಟಿಯ ವ್ಯಾಖ್ಯೆಯನ್ನೇ ನೋಡಿ, ಅದರಲ್ಲಿ ಎಪ್ಸಿಲಾನ್ ಅಂದರೆ ಫಂಕ್ಷನ್ ಬೆಲೆಗಳ ಅಂತರಕ್ಕೆ ಹಾಕುವ ಮಿತಿ. 'ಪ್ರತಿ ಎಪ್ಸಿಲಾನ್‌ಗೂ ಒಂದು ಡೆಲ್ಟಾ ಇದೆ' ಅನ್ನುವುದು ಯಾರದೋ ಕೈಬರಹದಲ್ಲಿ 'ಒಂದು ಡೆಲ್ಟಾ ಇದೆ, ಅದು ಪ್ರತಿ ಎಪ್ಸಿಲಾನ್‌ಗೂ ಆಗುತ್ತದೆ' ಅಂತ ಆಗಿತ್ತು. ಅದೇ ಪದಗಳು, ಅರ್ಥ ಪೂರ್ತಿ ಬೇರೆ. ಹಾಗೆ ಬರೆದರೆ ಸಾದಾ ಎಕ್ಸ್ ಕೂಡ ಕಂಟಿನ್ಯುಯಸ್ ಅಲ್ಲ ಅಂತಾಗುತ್ತದೆ!

ಪುಸ್ತಕದ ವಿಷಯಕ್ಕೆ ಬಂದರೆ, ನಮ್ಮಲ್ಲಿ ಎರಡು ಪುಸ್ತಕಗಳ ಹೆಸರು ಜಾಸ್ತಿ ಕೇಳಿಬರುತ್ತದೆ, ಎರಡನ್ನೂ ಬರೆದವರ ಹೆಸರಿನಿಂದಲೇ ಕರೆಯುತ್ತೇವೆ: ರುಡಿನ್ ಮತ್ತು ಬಾರ್ಟಲ್-ಶೆರ್ಬರ್ಟ್. ರುಡಿನ್ ಮೊದಲು ಬಂದದ್ದು 1953ರಲ್ಲಿ, ಈಗ ಓದುವ ಮೂರನೇ ಆವೃತ್ತಿ 1976ರದ್ದು. ಸಪೂರ ಪುಸ್ತಕ, ಒಂದು ವಾಕ್ಯವೂ ಹೆಚ್ಚಿಲ್ಲ. ಮೊದಲನೇ ಅಧ್ಯಾಯದಲ್ಲೇ ಒಂದು ಸೂತ್ರ ಎದುರಾಗುತ್ತದೆ. ವರ್ಗ 2ಕ್ಕಿಂತ ಕಡಿಮೆ ಇರುವ ಒಂದು ಧನ ಭಿನ್ನರಾಶಿ ಪಿ ತಗೊಳ್ಳಿ. ಪಿಯ ಎರಡರಷ್ಟಕ್ಕೆ 2 ಕೂಡಿಸಿ, ಬಂದದ್ದನ್ನು 'ಪಿ ಪ್ಲಸ್ 2'ರಿಂದ ಭಾಗಿಸಿ. ಸಿಗುವ ಕ್ಯೂ ಪಿಗಿಂತ ದೊಡ್ಡದು, ಆದರೂ ಅದರ ವರ್ಗ 2ನ್ನು ಮುಟ್ಟುವುದಿಲ್ಲ. 1 ಹಾಕಿದರೆ 4/3 ಬರುತ್ತದೆ. ಅದನ್ನೇ ಮತ್ತೆ ಹಾಕಿದರೆ 7/5, ಆಮೇಲೆ 24/17. ಹೀಗೆ ರೂಟ್ 2ರ ಹತ್ತಿರ ಹತ್ತಿರ ಹೋಗುತ್ತಲೇ ಇರುತ್ತದೆ. ಅಂದರೆ ವರ್ಗ 2ಕ್ಕಿಂತ ಕಡಿಮೆ ಇರುವ ಭಿನ್ನರಾಶಿಗಳಲ್ಲಿ ಅತಿ ದೊಡ್ಡದು ಅಂತ ಒಂದಿಲ್ಲ. ಸರಿ, ಲೆಕ್ಕ ಹಾಕಿ ನೋಡಿದರೆ ಹೌದು ಅನ್ನಬೇಕು. ಆದರೆ ಈ ಸೂತ್ರ ಎಲ್ಲಿಂದ ಬಂತು? ರುಡಿನ್ ಹೇಳುವುದಿಲ್ಲ. ಅಡುಗೆ ಮುಗಿಸಿ, ಪಾತ್ರೆ ತೊಳೆದು, ಕಟ್ಟೆ ಒರೆಸಿದ ಮೇಲೆ ನಮ್ಮನ್ನು ಊಟಕ್ಕೆ ಕರೆದ ಹಾಗೆ.

ಬಾರ್ಟಲ್-ಶೆರ್ಬರ್ಟ್ ಹಾಗಲ್ಲ. ಸೀಕ್ವೆನ್ಸುಗಳನ್ನು ಮೊದಲು ಚೆನ್ನಾಗಿ ಅರೆಯುತ್ತದೆ, ಉದಾಹರಣೆಗಳ ಮೇಲೆ ಉದಾಹರಣೆ ಕೊಡುತ್ತದೆ. ಕಾಂಪ್ಯಾಕ್ಟ್ ಸೆಟ್, ಓಪನ್ ಕವರ್ ಇತ್ಯಾದಿ ಟೋಪಾಲಜಿಯ ಅಮೂರ್ತ ವಿಷಯಗಳು ಕೊನೆಯ ಅಧ್ಯಾಯದಲ್ಲಿ ಬರುತ್ತವೆ. ರುಡಿನ್ ಅದನ್ನೆಲ್ಲ ಎರಡನೇ ಅಧ್ಯಾಯದಲ್ಲೇ, ಸೀಕ್ವೆನ್ಸಿಗೂ ಮೊದಲೇ, ತಲೆ ಮೇಲೆ ಹೊರಿಸಿಬಿಡುತ್ತದೆ. ಒಬ್ಬರೇ ಕೂತು ಓದುವವರಿಗೆ ನಾನು ಕಣ್ಣು ಮುಚ್ಚಿ ಬಾರ್ಟಲ್-ಶೆರ್ಬರ್ಟನ್ನೇ ಹೇಳುತ್ತೇನೆ. ರುಡಿನ್‌ನ ಪಾಠಕ್ಕಿಂತ ಅಧ್ಯಾಯದ ಕೊನೆಯ ಲೆಕ್ಕಗಳು ರುಚಿ. ಅವುಗಳಿಗಾಗಿ ಆಮೇಲೆ ತೆಗೆದುಕೊಳ್ಳಿ.

ವಿಡಿಯೋ ಅಂದರೆ ಹೆಚ್ಚಾಗಿ ಎನ್‌ಪಿಟಿಇಎಲ್. ಐಐಟಿಗಳು ಮತ್ತು ಐಐಎಸ್ಸಿ ಸೇರಿ ಶುರು ಮಾಡಿದ ಆನ್‌ಲೈನ್ ಪಾಠಗಳ ಯೋಜನೆ ಇದು, ಪಾಠ ನೋಡಲು ದುಡ್ಡಿಲ್ಲ. ಕನ್ನಡ ಮೀಡಿಯಂನಿಂದ ಬಂದವರಿಗೆ ಇದರಷ್ಟು ದೊಡ್ಡ ಉಪಕಾರ ಇನ್ನೊಂದಿಲ್ಲ. ಮೇಷ್ಟ್ರ ಇಂಗ್ಲಿಷ್ ಅರ್ಥವಾಗದಿದ್ದರೆ ಕ್ಲಾಸಿನಲ್ಲಿ ಕೈ ಎತ್ತಲು ನಾಚಿಕೆ, ಇಲ್ಲಿ ಸುಮ್ನೆ ಹಿಂದಕ್ಕೆ ಎಳೆದರಾಯಿತು. ವಿಡಿಯೋದ ಅಪಾಯ ಬೇರೆ. ನೋಡುವಾಗ ಎಲ್ಲ ಸಲೀಸಾಗಿ ಇಳಿಯುತ್ತದೆ. ಮೊಬೈಲ್ ಮುಚ್ಚಿ ಬಿಳಿ ಹಾಳೆಯಲ್ಲಿ ಅದೇ ಸಾಧನೆ ಬರೆಯಲು ಕೂತರೆ 'ಎಪ್ಸಿಲಾನ್ ಸೊನ್ನೆಗಿಂತ ದೊಡ್ಡದಿರಲಿ' ಆದ ಮೇಲೆ ಪೆನ್ನು ಓಡುವುದಿಲ್ಲ. ಹಾಗಾಗಿ ಕೋರ್ಸಿಗೆ ಹೆಸರು ನೋಂದಾಯಿಸಿ ವಾರವಾರದ ಅಸೈನ್‌ಮೆಂಟ್ ಮಾಡುವುದು ಒಳ್ಳೆಯದು. ಸರ್ಟಿಫಿಕೇಟಿನಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಬರೀ ನೋಡುವವರಿಗೆ ಅದರ ಅರ್ಧ ಪ್ರಯೋಜನವೂ ಸಿಗುವುದಿಲ್ಲ.

ಇನ್ನು ಬೋರ್ಡು. ಮೂರು ಜನ, ಒಂದು ಚಾಕ್‌ಪೀಸು, ಕೈಯಲ್ಲಿ ಪುಸ್ತಕ ಇರಬಾರದು. ಯಾರಿಗೆ ಕಡಿಮೆ ಅರ್ಥವಾಗಿದೆಯೋ ಅವರೇ ಬರೆಯಬೇಕು. ಮಿಕ್ಕವರು 'ಯಾಕೆ?' ಅಂತ ಕೇಳಬಹುದು, ಉತ್ತರ ಹೇಳಿಕೊಡುವ ಹಾಗಿಲ್ಲ. ಈ ಪದ್ಧತಿ ನಮ್ಮದೇನಲ್ಲ. 1993ರಿಂದ ಬೇಸಿಗೆ ರಜೆಯಲ್ಲಿ ನಡೆಯುತ್ತಿರುವ ಎಂಟಿಟಿಎಸ್ ಅನ್ನುವ ಗಣಿತ ತರಬೇತಿ ಶಿಬಿರಗಳಲ್ಲೂ ಮೇಷ್ಟ್ರು ಪಾಠ ಒಪ್ಪಿಸುವುದಕ್ಕಿಂತ ಹುಡುಗರನ್ನು ಕೇಳಿ ಕೇಳಿ ಹೊರಡಿಸುವುದೇ ಜಾಸ್ತಿ. ಅಲ್ಲಿಗೆ ಹೋಗಿಬಂದ ಸೀನಿಯರ್ ಒಬ್ಬರು ನಮಗೆ ಈ ಚಟ ಹಚ್ಚಿದ್ದು.

ರುಡಿನ್‌ನ ಆ ಸೂತ್ರದ ಗುಟ್ಟು ಬಿಟ್ಟದ್ದು ಇಲ್ಲೇ. ಯಾಕೆ, ಯಾಕೆ ಅಂತ ಕೇಳಿ ಕೇಳಿ ತಲೆ ಕೆಟ್ಟು, ನಮ್ಮಲ್ಲೊಬ್ಬಳು ಎಕ್ಸ್ ಸ್ಕ್ವೇರ್ ಮೈನಸ್ 2ರ ಗ್ರಾಫ್ ಎಳೆದಳು. ಗ್ರಾಫಿನ ಮೇಲೆ ಪಿ ಹತ್ತಿರ ಒಂದು ಚುಕ್ಕೆ, ಎಕ್ಸ್ 2 ಇರುವಲ್ಲಿ ಇನ್ನೊಂದು. ಎರಡನ್ನೂ ಸೇರಿಸಿ ಒಂದು ಗೆರೆ. ಗೆರೆಯ ಸ್ಲೋಪ್ ನೋಡಿದರೆ ಪಿ ಪ್ಲಸ್ 2! ಅದು ಎಕ್ಸ್ ಆಕ್ಸಿಸ್ಸನ್ನು ಕತ್ತರಿಸುವ ಜಾಗವೇ ಕ್ಯೂ. ಗ್ರಾಫ್ ಬಾಣಲೆಯ ಆಕಾರದಲ್ಲಿ ಬಾಗಿರುವುದರಿಂದ ಆ ಎರಡು ಚುಕ್ಕೆಗಳ ನಡುವೆ ಗೆರೆ ಅದರ ಮೇಲೇ ಇರುತ್ತದೆ. ಹಾಗಾಗಿ ರೂಟ್ 2ಕ್ಕೆ ಮುಂಚೆಯೇ ಆಕ್ಸಿಸ್ ಮುಟ್ಟುತ್ತದೆ, ಅದನ್ನು ದಾಟಲು ಸಾಧ್ಯವೇ ಇಲ್ಲ. ಇಡೀ ಸೂತ್ರ ಒಂದೇ ಚಿತ್ರದಲ್ಲಿ ಬಂತು. ಈಗ ಯಾರು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಬೋರ್ಡಿಗೂ ಬೆಲೆ ಇದೆ. ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹೋಗುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಹೀಗೆ ಕೂತರೆ ಅರ್ಧ ಸಿಲಬಸ್ಸೂ ಆಗುವುದಿಲ್ಲ. ಗುಂಪಿನಲ್ಲಿ ಒಬ್ಬ ಜಾಣ ಸೇರಿ ಬಾಯಿ ತಡೆಯಲಾರದೆ ಉತ್ತರ ಹೇಳಿಬಿಟ್ಟರೆ ಅವತ್ತಿನ ಆಟ ಅಲ್ಲಿಗೆ ಕೆಟ್ಟಿತು. ಐದಾರು ಜನ ಆದರಂತೂ ಅದು ಹರಟೆ ಕಟ್ಟೆಯೇ.

ಜ್ಯಾಮ್ (ಐಐಟಿ ಮುಂತಾದ ಕಡೆ ಎಂಎಸ್ಸಿ ಸೇರಲು ಇರುವ ಪ್ರವೇಶ ಪರೀಕ್ಷೆ) ಬರೆಯುವವರು ಇದನ್ನು ಗಮನಿಸಿ: 3 ಗಂಟೆ, 60 ಪ್ರಶ್ನೆ, 100 ಅಂಕ, ಸಾಧನೆ ಬರೆಯುವ ಮಾತೇ ಇಲ್ಲ. ಅದರಲ್ಲಿ 10 ಪ್ರಶ್ನೆಗಳಿಗೆ ಒಂದಕ್ಕಿಂತ ಹೆಚ್ಚು ಆಯ್ಕೆ ಸರಿ ಇರಬಹುದು, ಒಂದು ಬಿಟ್ಟುಹೋದರೂ ಆ ಪ್ರಶ್ನೆಗೆ ಸೊನ್ನೆ. ಅಲ್ಲಿ ಬೇಕಾಗುವುದು ಮೇಲಿನ 100 ಮತ್ತು 100.01ರಂಥ ಉದಾಹರಣೆಗಳ ದಾಸ್ತಾನು. ಅದು ನನಗೆ ಸಿಕ್ಕಿದ್ದು ಬೋರ್ಡಿನಲ್ಲಿ ಜಗಳ ಆಡುವಾಗ, ಸ್ವಲ್ಪ ಬಾರ್ಟಲ್-ಶೆರ್ಬರ್ಟ್‌ನಿಂದ.

ಕಾಂಪ್ಲೆಕ್ಸ್ ಅನಾಲಿಸಿಸ್‌ನಲ್ಲಿ ರೆಸಿಡ್ಯೂ ಹಾಕಿ ಇಂಟಿಗ್ರಲ್ ಬಿಡಿಸುವುದಕ್ಕೆ, ಡಿಫರೆನ್ಷಿಯಲ್ ಈಕ್ವೇಶನ್ನಿಗೆ ಇಷ್ಟೆಲ್ಲ ಬೇಡ. ಅವಕ್ಕೆ ಕೈ ಪಳಗಬೇಕು ಅಷ್ಟೇ. ಹಳೆ ಪ್ರಶ್ನೆಪತ್ರಿಕೆಗಳ ಆ ಕಟ್ಟನ್ನೇ ಹಿಡಿದು ಕೂತುಬಿಡಿ.