ಬೈಂಡಿಂಗ್ ಟೂಲ್ ಕೊಳ್ಳುವ ಮುಂಚೆ 12 ಬೈಟ್ ಸ್ಟ್ರಕ್ಟ್ ಒಂದನ್ನು ವಾಪಸ್ ತರಿಸಿ ನೋಡಿ

ಸಿ ಲೈಬ್ರರಿಯನ್ನು ಬೇರೆ ಭಾಷೆಯಿಂದ ಕರೆಯೋಕೆ ರೆಡಿಮೇಡ್ ಬೈಂಡಿಂಗ್ ಟೂಲ್ ಹುಡುಕುತ್ತಿದ್ದೀರಾ? ಸ್ವಲ್ಪ ತಡೆಯಿರಿ. ನಾವು ಅಂಥದ್ದೊಂದಕ್ಕೆ ದುಡ್ಡು ಕೊಟ್ಟು ಒದ್ದಾಡಿದೆವು. ಕಂಪನಿ ಹೆಸರು ಬೇಡ.

ನಮ್ಮ ಫಂಕ್ಷನ್ ತೀರಾ ಸಾದಾ. ಒಂದು ಹ್ಯಾಂಡಲ್ (ಇಲ್ಲಿ, ಒಂದು ಆಬ್ಜೆಕ್ಟ್‌ನ ವಿಳಾಸ) ತಗೊಂಡು, ಮೂರು ಫ್ಲೋಟ್ (ದಶಮಾಂಶ ಸಂಖ್ಯೆ) ಇರುವ ಸ್ಟ್ರಕ್ಟ್, ಅಂದರೆ ಹಲವು ಮೌಲ್ಯಗಳ ಒಂದು ಗಂಟು, ವಾಪಸ್ ಕೊಡುತ್ತದೆ. ಒಟ್ಟು 12 ಬೈಟ್. 64 ಬಿಟ್ ಲಿನಕ್ಸ್‌ನಲ್ಲಿ ಚೆನ್ನಾಗೇ ಓಡಿತು. ವಿಂಡೋಸ್‌ನಲ್ಲಿ ಕ್ರ್ಯಾಶ್. ಅದೂ ಈ ಫಂಕ್ಷನ್‌ನಲ್ಲಲ್ಲ, ಆಮೇಲೆ ಎಲ್ಲೋ, ಸಂಬಂಧವೇ ಇಲ್ಲದ ಜಾಗದಲ್ಲಿ.

ಲಿನಕ್ಸ್‌ನ ಸಿಸ್ಟಮ್ ವಿ ನಿಯಮದಲ್ಲಿ (ಫಂಕ್ಷನ್ ಕರೆದಾಗ ಏನು ಎಲ್ಲಿ ಹೋಗಿ ಎಲ್ಲಿ ಬರಬೇಕು ಅನ್ನುವ ಒಪ್ಪಂದ) 16 ಬೈಟ್‌ವರೆಗಿನ ಸಾದಾ ಸ್ಟ್ರಕ್ಟ್ ರಿಜಿಸ್ಟರ್‌ಗಳಲ್ಲೇ, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಜಾಗಗಳಲ್ಲೇ, ಬರುತ್ತದೆ. ನಮ್ಮದರಲ್ಲಿ ಮೊದಲ ಎರಡು ಫ್ಲೋಟ್ ಎಕ್ಸ್‌ಎಂಎಂ0ನಲ್ಲಿ, ಮೂರನೆಯದು ಎಕ್ಸ್‌ಎಂಎಂ1ರಲ್ಲಿ. ವಿಂಡೋಸ್ ಲೆಕ್ಕ ಬೇರೆ. ಸೈಜ್ 1, 2, 4 ಅಥವಾ 8 ಬೈಟ್ ಇದ್ದರೆ ಮಾತ್ರ ಆರ್‌ಎಎಕ್ಸ್ ರಿಜಿಸ್ಟರ್‌ನಲ್ಲಿ. ಇಲ್ಲದಿದ್ದರೆ, ಬರೀ 3 ಬೈಟ್ ಇದ್ದರೂ, ಕರೆಯುವವರೇ ಜಾಗ ಮಾಡಿಟ್ಟು ಅದರ ವಿಳಾಸವನ್ನು (ಪಾಯಿಂಟರ್) ಮೊದಲ ಆರ್ಗ್ಯುಮೆಂಟ್‌ನ ಮನೆಯಾದ ಆರ್‌ಸಿಎಕ್ಸ್ ರಿಜಿಸ್ಟರ್‌ನಲ್ಲಿ ಕಳಿಸಬೇಕು. ಹೆಡರ್‌ನಲ್ಲಿ (ಫಂಕ್ಷನ್‌ಗಳ ಪಟ್ಟಿ ಇರುವ ಫೈಲ್) ಈ ಪಾಯಿಂಟರ್ ಕಾಣುವುದೇ ಇಲ್ಲ. ನಿಜವಾದ ಆರ್ಗ್ಯುಮೆಂಟ್‌ಗಳೆಲ್ಲ (ಫಂಕ್ಷನ್‌ಗೆ ನಾವು ಕೊಡುವ ಮೌಲ್ಯಗಳು) ಒಂದೊಂದು ಮನೆ ಮುಂದಕ್ಕೆ ಹೋಗುತ್ತವೆ, ಮೊದಲನೆಯದು ಆರ್‌ಡಿಎಕ್ಸ್‌ಗೆ.

ಆ ಟೂಲ್ ಆರ್ಗ್ಯುಮೆಂಟ್‌ಗಳನ್ನು ವಿಂಡೋಸ್ ರೀತಿಯಲ್ಲೇ ಕಳಿಸುತ್ತಿತ್ತು. ವಾಪಸ್ ತಗೊಳ್ಳೋಕೆ ಮಾತ್ರ ಲಿನಕ್ಸ್‌ನ 16 ಬೈಟ್ ಲೆಕ್ಕ! ಹಾಗಾಗಿ ಆರ್‌ಸಿಎಕ್ಸ್‌ನಲ್ಲಿ ನಮ್ಮ ಹ್ಯಾಂಡಲ್ ಹೋಯಿತು. ಫಂಕ್ಷನ್ ಅದನ್ನೇ ಉತ್ತರ ಬರೆಯುವ ಜಾಗ ಅಂದುಕೊಂಡಿತು. ಹ್ಯಾಂಡಲ್ ಇರಬೇಕಾದ ಆರ್‌ಡಿಎಕ್ಸ್‌ನಲ್ಲಿ ಹಿಂದಿನ ಕೆಲಸದಿಂದ ಅದೇ ವಿಳಾಸ ಉಳಿದುಕೊಂಡಿತ್ತು. ಇಲ್ಲದಿದ್ದರೆ ಅಲ್ಲೇ ಕ್ರ್ಯಾಶ್ ಆಗಿ ನಮಗೆ ಉಪಕಾರವಾಗುತ್ತಿತ್ತು. ಹಾಗಾಗದೆ, ಆಬ್ಜೆಕ್ಟ್‌ನ ಮೊದಲ 12 ಬೈಟ್ ಮೇಲೆ ಉತ್ತರ ಬರೆದು ಸುಮ್ನೆ ವಾಪಸ್ ಬಂತು. ಹಾಳಾದ ಆ ಆಬ್ಜೆಕ್ಟನ್ನು ಆಮೇಲೆ ಬಳಸಿದಾಗಲೇ ಕ್ರ್ಯಾಶ್. ಅವರ ಸಪೋರ್ಟ್‌ನವರು 'ನಿಮ್ಮ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಸರಿಯಿಲ್ಲ' ಅಂದರು. ಡಿಸ್‌ಅಸೆಂಬ್ಲಿ (ಪ್ರೊಸೆಸರ್ ನಿಜಕ್ಕೂ ಓಡಿಸುವ ಆದೇಶಗಳ ಪಟ್ಟಿ) ಕಳಿಸಿದ ಮೇಲೆ ಉತ್ತರವೇ ಇಲ್ಲ.

8 ಬೈಟ್ ಆದರೆ ಬಚಾವ್ ಅಂದುಕೊಳ್ಳಬೇಡಿ. ಸಿ++ ಮೆಂಬರ್ ಫಂಕ್ಷನ್ ಆದರೆ ಮೈಕ್ರೋಸಾಫ್ಟ್ ಕಂಪೈಲರ್ 8 ಬೈಟ್ ಸ್ಟ್ರಕ್ಟನ್ನೂ ಆ ಕಾಣದ ಪಾಯಿಂಟರ್ ಮೂಲಕವೇ ಕೊಡುತ್ತದೆ. ಆರ್‌ಸಿಎಕ್ಸ್‌ನಲ್ಲಿ ಆಬ್ಜೆಕ್ಟ್, ಆರ್‌ಡಿಎಕ್ಸ್‌ನಲ್ಲಿ ಪಾಯಿಂಟರ್. ಮೈಕ್ರೋಸಾಫ್ಟ್‌ನ ಗ್ರಾಫಿಕ್ಸ್ ಲೈಬ್ರರಿ ಡೈರೆಕ್ಟ್3ಡಿ 12ರ ಡಿಸ್ಕ್ರಿಪ್ಟರ್ ಹ್ಯಾಂಡಲ್ ಕೇಳುವ ಫಂಕ್ಷನನ್ನು ಸಿ ಇಂದ ಕರೆದವರು ಎಡವಿದ್ದು ಇಲ್ಲೇ.

ಟ್ರಯಲ್ ಅವಧಿಯಲ್ಲೇ 3, 8, 12, 16 ಬೈಟ್ ಸ್ಟ್ರಕ್ಟ್ ವಾಪಸ್ ಕೊಡುವ ಪುಟ್ಟ ಡಿಎಲ್‌ಎಲ್ ಮಾಡಿ ಓಡಿಸಿ. ಫ್ಲೋಟ್, ಇಂಟ್ ಎರಡೂ ಇರಲಿ. ಬರೀ 24 ಬೈಟ್‌ನದ್ದು ಓಡಿಸಿದರೆ ಏನೂ ಗೊತ್ತಾಗಲ್ಲ, ಅದು ಎರಡೂ ಕಡೆ ಪಾಯಿಂಟರ್ ಮೂಲಕವೇ ಬರುತ್ತದೆ. ಆರ್ಮ್64 (ಬೇರೆ ಬಗೆಯ ಪ್ರೊಸೆಸರ್) ಬೇಕಿದ್ದರೆ ನಾಲ್ಕು ಡಬಲ್‌ನ ಸ್ಟ್ರಕ್ಟೂ ಸೇರಿಸಿ. ಅಲ್ಲಿ 32 ಬೈಟ್ ಆದರೂ ಅದು ರಿಜಿಸ್ಟರ್‌ಗಳಲ್ಲೇ ಬರುತ್ತದೆ.

ನಾವು ಕೊನೆಗೆ ಸಿ ಯಲ್ಲೇ ಒಂದು ರ‍್ಯಾಪರ್ ಬರೆದೆವು. ಅದು ಏನನ್ನೂ ವಾಪಸ್ ಕೊಡಲ್ಲ, ನಾವು ಕೊಟ್ಟ ಪಾಯಿಂಟರ್‌ಗೆ ಉತ್ತರ ತುಂಬುತ್ತದೆ. ಟೂಲ್‌ಗೆ ಕೊಟ್ಟ ದುಡ್ಡು ಮಾತ್ರ ವಾಪಸ್ ಬಂದಿಲ್ಲ.